ಪರವೂರಿನ ಸಸಿ

ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಗಂಗಾವತಿಯ ಗದ್ದೆಗಳಲ್ಲಿ ಭತ್ತ ಬೆಳೆಯುತ್ತದೆ. ಆ ಅಕ್ಕಿಯನ್ನು ಯಲಬುರ್ಗಾದಲ್ಲಿಯೂ ಅಟ್ಟು ಉಣ್ಣಬಹುದು. ಆದರೆ ಅದೇ ಭತ್ತದ ಸಸಿಯನ್ನು ಕಿತ್ತು ಯಲಬುರ್ಗಾದ ಅಥವಾ ಕುಷ್ಟಗಿಯ ಮಳೆಯಾಶ್ರಿತ ಹೊಲದಲ್ಲಿ ನೆಟ್ಟರೆ ಅದು ಬಾಡುತ್ತದೆ. ದೋಷ ಸಸಿಯದಲ್ಲ, ಅದು ನಂಬಿದ ನೀರು ಅಲ್ಲಿಲ್ಲ. ಗಣಕಯಂತ್ರದ ತಂತ್ರಾಂಶಗಳಿಗೂ ಇಂಥದೇ ಕಷ್ಟವೊಂದುಂಟು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆದ ಲಿನಕ್ಸ್ ತಿರುಳನ್ನು ಆಧರಿಸಿ ಹಲವು ವಿತರಣೆಗಳು ಹುಟ್ಟಿದವು. 1993ರಲ್ಲಿ ಆರಂಭವಾದ ಡೆಬಿಯನ್ ಮತ್ತು ಅದರ ಕವಲಾದ ಉಬುಂಟು ತಂತ್ರಾಂಶವನ್ನು ‘ಡೆಬ್’ ಎಂಬ ಪ್ಯಾಕೇಜಾಗಿ ಕಟ್ಟುತ್ತವೆ. ಫೆಡೋರಾ ‘ಆರ್‌ಪಿಎಂ’ ಎಂಬ ಪ್ಯಾಕೇಜಾಗಿ ಕಟ್ಟುತ್ತದೆ. ಈ ಕಟ್ಟಿನಲ್ಲಿ ಕಡತಗಳ ಜೊತೆಗೆ ಒಂದು ಚೀಟಿಯೂ ಇರುತ್ತದೆ. ತಾನು ಓಡಲು ಬೇರೆ ಯಾವ ಯಾವ ಪ್ಯಾಕೇಜುಗಳು ಬೇಕೆಂಬುದನ್ನು ಅದು ಹೇಳುತ್ತದೆ.

ಕೊಪ್ಪಳದ ವಿದ್ಯಾರ್ಥಿಯೊಬ್ಬಳು ಫೆಡೋರಾದ ಪ್ಯಾಕೇಜೊಂದನ್ನು ತನ್ನ ಉಬುಂಟು ಗಣಕಕ್ಕೆ ತಂದಳೆಂದು ಭಾವಿಸೋಣ. ‘ಏಲಿಯನ್’ ಎಂಬ ಸಾಧನವು ಆರ್‌ಪಿಎಂ ಕಟ್ಟನ್ನು ಬಿಚ್ಚಿ ಡೆಬ್ ರೂಪದಲ್ಲಿ ಮತ್ತೆ ಕಟ್ಟಿಕೊಡುತ್ತದೆ. ಒಳಗಿರುವುದು ಲೋಹಿತ್ ಕನ್ನಡ ಫಾಂಟಾದರೆ ಚಿಂತೆಯಿಲ್ಲ. ಅಕ್ಷರಗಳು ಎಲ್ಲಿಯಾದರೂ ಅಕ್ಷರಗಳೇ. ಅದು ಅಕ್ಕಿಯಂತೆ. ಆದರೂ ಒಂದು ತೊಡಕನ್ನು ಗಮನಿಸಬೇಕು. ಇದೇ ಫಾಂಟಿಗೆ ಫೆಡೋರಾದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’ ಎಂದು ಹೆಸರು, ಡೆಬಿಯನ್ನಿನಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಎಂದು ಹೆಸರು. ಮೊದಲ ಹೆಸರನ್ನು ಬೇಡುವ ಪ್ಯಾಕೇಜಿಗೆ, ಫಾಂಟು ಎದುರಿಗೇ ಇದ್ದರೂ, ಅದರ ಗುರುತು ಸಿಗುವುದಿಲ್ಲ.

ಓಡುವ ತಂತ್ರಾಂಶದ ಮಾತು ಬೇರೆ. ಬಹುತೇಕ ಎಲ್ಲ ತಂತ್ರಾಂಶಗಳೂ ಗ್ಲಿಬ್‌ಸಿ ಎಂಬ ಮೂಲ ಲೈಬ್ರರಿಯನ್ನು ಆಶ್ರಯಿಸುತ್ತವೆ. ಹಳೆಯ ಗ್ಲಿಬ್‌ಸಿಗಾಗಿ ಸಿದ್ಧವಾದದ್ದು ಹೊಸದರ ಮೇಲೆ ಸಾಮಾನ್ಯವಾಗಿ ನಡೆಯುತ್ತದೆ. ಹೊಸದನ್ನು ಬೇಡುವುದು ಹಳೆಯದರ ಮೇಲೆ ನಡೆಯದು. ಹೊರಗಿನ ಕಟ್ಟನ್ನು ಬದಲಿಸಿದ ಮಾತ್ರಕ್ಕೆ ಈ ಕೊರತೆ ನೀಗುವುದಿಲ್ಲ. ಆಗ ಚೀಟಿಯನ್ನು ಕಡೆಗಣಿಸಿ ಬಲವಂತವಾಗಿ ಸ್ಥಾಪಿಸುವ ಮನಸ್ಸಾಗುತ್ತದೆ. ಅದಕ್ಕೆ ಆಜ್ಞೆಗಳೂ ಇವೆ, ದುರದೃಷ್ಟವಶಾತ್! ಹೊರಗಿನಿಂದ ಬಂದ ಗ್ಲಿಬ್‌ಸಿ ಗಣಕದ ಸ್ವಂತ ಗ್ಲಿಬ್‌ಸಿಯನ್ನು ಅಳಿಸಿ ಕುಳಿತರೆ, ಕಡತಗಳ ಪಟ್ಟಿ ತೋರಿಸುವ ಚಿಕ್ಕ ಆಜ್ಞೆ ಕೂಡ ಓಡದೆ ಹೋಗಬಹುದು. ಇಂಥ ಮುಖ್ಯ ಪ್ಯಾಕೇಜುಗಳಿಗೆ ತನ್ನನ್ನು ಬಳಸಬಾರದೆಂದು ಏಲಿಯನ್ನಿನ ಕೈಪಿಡಿಯೇ ಎಚ್ಚರಿಸುತ್ತದೆ.

ಫ್ಲ್ಯಾಟ್‌ಪ್ಯಾಕ್, ಆ್ಯಪ್‌ಇಮೇಜ್ ಮುಂತಾದವು ಹೊಸ ಉಪಾಯಗಳು. ಇವು ಬೇಕಾದ ಲೈಬ್ರರಿಗಳಲ್ಲಿ ಹೆಚ್ಚಿನವನ್ನು ತಾವೇ ಒದಗಿಸಿಕೊಳ್ಳುತ್ತವೆ. ಬೇರಿನ ಮಣ್ಣುಸಹಿತ ಕುಂಡದಲ್ಲಿ ಬಂದ ಗಿಡವಿದ್ದಂತೆ. ಗಾತ್ರ ಮಾತ್ರ ದೊಡ್ಡದು. ತನ್ನ ವಿತರಣೆಯ ಉಗ್ರಾಣದಲ್ಲಿ ಅದೇ ತಂತ್ರಾಂಶವಿದೆಯೇ ಎಂದು ಮೊದಲು ಹುಡುಕುವುದು ಎಲ್ಲಕ್ಕಿಂತ ಸುಲಭ. ಅಲ್ಲಿಯೂ ಸಿಗದಿದ್ದರೆ, ಮೂಲಪಾಠವು ಮುಕ್ತವಾಗಿದ್ದ ಪಕ್ಷದಲ್ಲಿ, ಅದನ್ನು ತಂದು ತನ್ನ ಗಣಕದಲ್ಲಿಯೇ ಕಟ್ಟಿಕೊಳ್ಳಬಹುದು. ಇದು ಸಸಿಯನ್ನು ಬಿಟ್ಟು ಬೀಜವನ್ನೇ ಒಯ್ದು ಬಿತ್ತಿದ ಹಾಗೆ. ಸಮಯ ಹಿಡಿಯುತ್ತದೆ, ಕೆಲವೊಮ್ಮೆ ಮೊಳೆಯುವುದೂ ಇಲ್ಲ.