ಉದರಶಸ್ತ್ರಕರ್ಮದ ವೇದನೆಯೂ ನರತಡೆಯೂ

ಶಸ್ತ್ರಪಾತದಿಂದ ಹುಟ್ಟುವ ವೇದನೆಯನ್ನು ನಮ್ಮ ಪ್ರಾಚೀನರು ಉಪೇಕ್ಷಿಸಿದವರಲ್ಲ. ನೋವನ್ನು ತಾಳಲಾರದ ಮದ್ಯಪಾಯಿಗೆ ಮೊದಲೇ ತೀಕ್ಷ್ಣಮದ್ಯವನ್ನು ಕುಡಿಸಬೇಕೆಂದೂ, ಬಳಿಕ ಉಳಿದ ನೋವಿಗೆ ಯಷ್ಟಿಮಧು ಕೂಡಿದ ಉಗುರುಬೆಚ್ಚಗಿನ ತುಪ್ಪವನ್ನು ಸುರಿಯಬೇಕೆಂದೂ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವಿಧಿಯುಂಟು. ಉದರದ ಶಸ್ತ್ರಕರ್ಮವನ್ನು ಮಾತ್ರ ಉಣ್ಣದೆ ಇರುವವನಿಗೇ ಮಾಡತಕ್ಕದ್ದೆಂದು ಅಲ್ಲಿಯೇ ಹೇಳಿದೆ. ಉಪವಾಸದ ನಿಯಮವು ಇಂದಿಗೂ ನಿಂತಿದೆ. ನೋವಿನ ಉಪಾಯವು ಬೇರೆಯಾಗಿದೆ.

ಉದರದ ಪಾರ್ಶ್ವಭಿತ್ತಿಯಲ್ಲಿ ಒಂದರೊಳಗೊಂದಾಗಿ ಮೂರು ಚಪ್ಪಟೆಯಾದ ಮಾಂಸಪೇಶಿಗಳಿವೆ. ಬೆನ್ನುಹುರಿಯಿಂದ ಹೊರಟು ಈ ಭಿತ್ತಿಗೆ ಸ್ಪರ್ಶಜ್ಞಾನವನ್ನೀಯುವ ನರಗಳು ನಡುವಣ ಪೇಶಿಗೂ ಒಳಗಣ ಪೇಶಿಗೂ ಮಧ್ಯೆ ಹಾದುಬರುತ್ತವೆ. ಆ ಎಡೆಯಲ್ಲಿ ಬ್ಯುಪಿವಕೇನ್, ರೋಪಿವಕೇನ್ ಮುಂತಾದ ಔಷಧವನ್ನು ಸೂಜಿಯಿಂದ ಹರಡಿಸಿದರೆ, ನರದ ಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳಹೊಗುವ ದ್ವಾರಗಳು ಮುಚ್ಚಿ, ನೋವಿನ ವಾರ್ತೆಯು ಮುಂದೆ ಸಾಗದು. ಈ ಕ್ರಮವನ್ನು 2001ರಲ್ಲಿ ರಫಿ ಎಂಬ ವೈದ್ಯರು ವಿವರಿಸಿದರು. ಆಗ ಸೂಜಿಯು ಪದರವನ್ನು ದಾಟುವ ಸ್ಪರ್ಶವೇ ಗುರುತಾಗಿತ್ತು. 2007ರಲ್ಲಿ ಅಲ್ಟ್ರಾಸೌಂಡ್ ಯಂತ್ರದಿಂದ ಪದರಗಳನ್ನು ಕಂಡು ಮಾಡುವ ರೀತಿಯು ಪ್ರಕಟವಾಯಿತು. ಇದರಿಂದ ಅಫೀಮಿನ ವರ್ಗದ ಮದ್ದು ಕಡಮೆ ಸಾಕಾದಲ್ಲಿ, ಅದು ತರುವ ವಾಕರಿಕೆ, ಮಂಪರು, ಕರುಳಿನ ಜಡತೆಗಳೂ ಕಡಮೆಯಾಗುತ್ತವೆ; ರೋಗಿಯು ಆಳವಾಗಿ ಉಸಿರೆಳೆದು ಕೆಮ್ಮಬಲ್ಲನು.

ಆದರೆ ಇದಕ್ಕೆ ಮೇರೆಯುಂಟು. ಔಷಧದ ಬಲವು ಕೆಲವು ಗಂಟೆಗಳದು. ಮಾತ್ರೆ ಮೀರಿ ರಕ್ತಕ್ಕೆ ಸೇರಿದರೆ ಮಿದುಳಿಗೂ ಹೃದಯಕ್ಕೂ ಅಪಾಯ. ಇದು ತಡೆಯುವುದು ಭಿತ್ತಿಯ ನೋವನ್ನು. ಕರುಳು ಮೊದಲಾದ ಒಳಗಣ ಅವಯವಗಳ ನೋವು ಬೇರೆ ದಾರಿಯಿಂದ ಬರುತ್ತದೆ.

ಇನ್ನು ಹೆಸರಿನ ವಿಚಾರ. ‘ನರರೋಧ’ವೆಂದರೆ ‘ನರ’ವು ಕನ್ನಡ, ‘ರೋಧ’ವು ಸಂಸ್ಕೃತ, ಕೇಶಿರಾಜನ ಮತದಲ್ಲಿ ಅರಿಸಮಾಸ. ಸಂಸ್ಕೃತವನ್ನಷ್ಟೇ ಬಲ್ಲವರಿಗಂತೂ ಅದು ಮನುಷ್ಯರನ್ನು ಅಡ್ಡಗಟ್ಟುವುದೆಂದು ತೋರೀತು. ‘ಸ್ನಾಯು’ವೆನ್ನೋಣವೆಂದರೆ, ಸುಶ್ರುತನಲ್ಲಿ ಅದು ಅಂಗಗಳನ್ನು ಬಿಗಿವ ತಂತು, ಈಗಿನ ಕನ್ನಡದಲ್ಲಿ ಮಾಂಸಪೇಶಿ. ‘ವೇದನಾಹರ’ವೆಂಬುದು ಕಿವಿಗಿಂಪಾದರೂ ಸತ್ಯಕ್ಕೆ ದೂರ. ನೋವು ಪೂರ್ತಿ ಹೋಗುವುದೆಂದು ನಂಬಿದ ರೋಗಿಯು ಒಳಗಿನ ನೋವನ್ನು ಹೇಳದೆ ನುಂಗಿಕೊಂಡಾನು. ಆ ನೋವೇ ಕೆಲವೊಮ್ಮೆ ವೈದ್ಯನು ಅವಶ್ಯ ತಿಳಿಯಬೇಕಾದ ಲಕ್ಷಣವಾಗಿರಬಹುದು. ಆದುದರಿಂದ ಎರಡೂ ಕನ್ನಡ ಪದಗಳಾದ ‘ನರತಡೆ’ಯೇ ಲೇಸು. ತಡೆಯೆಂದರೆ ನಾಶವಲ್ಲ, ಅಷ್ಟುಕಾಲ, ಅಷ್ಟೆಡೆಯಲ್ಲಿ ನಿಲ್ಲಿಸುವುದು. ವ್ಯಾಕರಣಕ್ಕೂ ಶರೀರಕ್ಕೂ ಇಲ್ಲಿ ಒಂದೇ ಮಾತು ಒಪ್ಪಿತವಾಗಿದೆ.