‘ಬಂದರು’, ‘ಬಂದಿದ್ದಾರೆ’: ಇಂಗ್ಲಿಷಿನ ಪೂರ್ಣಕಾಲಗಳು

‘ತಂದೆಯವರು ಊರಿನಿಂದ ಬಂದರೆ?’ ಎಂದು ನೆರೆಮನೆಯವರು ಕೇಳಿದರೆ, ಐದು ವರ್ಷದ ಮಗುವೂ ‘ಬಂದಿದ್ದಾರೆ’ ಎಂದು ಉತ್ತರ ಕೊಡುವುದು. ತಂದೆಯು ಬಂದುದು ಮಾತ್ರವಲ್ಲ, ಈಗ ಮನೆಯಲ್ಲಿಯೇ ಇರುವರೆಂಬುದೂ ಆ ಒಂದು ಮಾತಿನಲ್ಲಿ ಅಡಗಿದೆ. ಈ ಭೇದವನ್ನು ಮಗುವಿಗೆ ಯಾರೂ ಕಲಿಸಿಕೊಟ್ಟುದಿಲ್ಲ. ಆದರೂ ಅದೇ ಮಗು ಬೆಳೆದು ಇಂಗ್ಲಿಷ್ ವ್ಯಾಕರಣದಲ್ಲಿ ‘ಪರ್ಫೆಕ್ಟ್ ಟೆನ್ಸ್’ ಎಂಬ ಹೆಸರನ್ನು ಕಂಡೊಡನೆ ಹೆದರುವುದುಂಟು. ಭಯಕ್ಕೆ ಕಾರಣವಿಲ್ಲ, ಎಚ್ಚರಿಕೆಗೆ ಮಾತ್ರ ಕಾರಣವಿದೆ.

ಮೊದಲು ರಚನೆಯನ್ನು ನೋಡೋಣ. ಕನ್ನಡದಲ್ಲಿ ‘ಬರೆದು’ ಎಂಬ ನ್ಯೂನಕ್ರಿಯೆಗೆ ‘ಇರು’ ಧಾತುವನ್ನು ಸೇರಿಸುವೆವು. ಇಂಗ್ಲಿಷಿನಲ್ಲಿ ‘ಹ್ಯಾವ್’ ಎಂಬ ಸಹಾಯಕ ಕ್ರಿಯಾಪದದ ಮುಂದೆ ಭೂತಕೃದಂತವನ್ನು ಇಡುವರು. ‘ರೈಟ್’ ಎಂಬುದರ ಭೂತರೂಪವು ‘ರೋಟ್’, ಕೃದಂತವು ‘ರಿಟನ್’. ‘ಐ ಹ್ಯಾವ್ ರಿಟನ್’ ಎಂದರೆ ಬರೆದಿದ್ದೇನೆ. ‘ಐ ಹ್ಯಾಡ್ ರಿಟನ್’ ಎಂದರೆ ಬರೆದಿದ್ದೆನು. ‘ಐ ಶಲ್ ಹ್ಯಾವ್ ರಿಟನ್’ ಎಂದರೆ ಬರೆದಿರುವೆನು. ‘ಹಿ’, ‘ಷಿ’, ‘ಇಟ್’ ಇವುಗಳೊಡನೆ ‘ಹ್ಯಾವ್’ ಎಂಬುದು ‘ಹ್ಯಾಸ್’ ಆಗುವುದು. ಹಿಂದಿನ ಕಾಲದಲ್ಲಿ ಹೋಗು, ಬರು ಮೊದಲಾದ ಚಲನಾರ್ಥಕ ಕ್ರಿಯೆಗಳಿಗೆ ಇಂಗ್ಲಿಷರೂ ‘ಇರು’ ಎಂಬರ್ಥದ ಧಾತುವನ್ನೇ ಸೇರಿಸಿ ‘ಹಿ ಈಸ್ ಕಮ್’ ಎನ್ನುತ್ತಿದ್ದರು. ಅದು ನಮ್ಮ ‘ಬಂದಿದ್ದಾನೆ’ ಎಂಬುದರ ಸೋದರನಂತಿದೆಯಲ್ಲವೆ? ಕಾಲಕ್ರಮದಲ್ಲಿ ‘ಹ್ಯಾವ್’ ಎಂಬುದೇ ಎಲ್ಲ ಕ್ರಿಯೆಗಳಿಗೂ ನಿಂತಿತು.

ರೂಪದಲ್ಲಿ ಇಷ್ಟು ಸಾಮ್ಯವಿದ್ದರೂ ಪ್ರಯೋಗದಲ್ಲಿ ಎರಡು ಭಾಷೆಗಳ ದಾರಿ ಬೇರೆ. ನಾವು ತಪ್ಪುವ ಸ್ಥಳಗಳು ಮುಖ್ಯವಾಗಿ ಮೂರು.

ಒಂದನೆಯದು: ‘ನಿನ್ನೆ ಹಣ ಕಳುಹಿಸಿದ್ದೇನೆ’ ಎಂಬುದು ಒಳ್ಳೆಯ ಕನ್ನಡ. ಆದರೆ ‘ಐ ಹ್ಯಾವ್ ಸೆಂಟ್ ದ ಮನಿ ಯೆಸ್ಟರ್‌ಡೇ’ ಎಂಬುದು ತಪ್ಪು. ನಿನ್ನೆ, ಹೋದ ವಾರ, 1947ರಲ್ಲಿ ಎಂದು ಮುಗಿದುಹೋದ ಕಾಲವನ್ನು ಹೆಸರಿಸಿದೊಡನೆ ಇಂಗ್ಲಿಷಿಗೆ ಸಾಮಾನ್ಯ ಭೂತವೇ ಬೇಕು: ‘ಐ ಸೆಂಟ್’. ಕಾಲವನ್ನು ಹೇಳದೆ ಫಲವನ್ನು ಮಾತ್ರ ತಿಳಿಸುವಾಗ ‘ಐ ಹ್ಯಾವ್ ಸೆಂಟ್ ದ ಮನಿ’ ಎನ್ನಬಹುದು.

ಎರಡನೆಯದು: ‘ಹತ್ತು ವರ್ಷಗಳಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂಬಲ್ಲಿ ನಮ್ಮದು ವರ್ತಮಾನಕಾಲ. ಅದನ್ನು ನೆಚ್ಚಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆಯುವವರು ಬಹು ಮಂದಿ. ‘ಐ ಹ್ಯಾವ್ ವರ್ಕ್‌ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂಬುದೇ ಸರಿ. ಕಾಲದ ಅಳತೆಗೆ ‘ಫಾರ್’, ಆರಂಭದ ಗಡುವಿಗೆ ‘ಸಿನ್ಸ್’. ಇಲ್ಲಿ ‘ಹ್ಯಾವ್’ ಬಿಟ್ಟುಹೋದರೆ ಅರ್ಥವೇ ಕೆಡುವುದು. ತರುಣನೊಬ್ಬನು ಉದ್ಯೋಗದ ಅರ್ಜಿಯಲ್ಲಿ ‘ಐ ವರ್ಕ್‌ಡ್ ಇನ್ ಎ ಬ್ಯಾಂಕ್ ಫಾರ್ ಟೆನ್ ಇಯರ್ಸ್’ ಎಂದು ಬರೆದನೆನ್ನೋಣ. ಓದಿದ ಅಧಿಕಾರಿಯು, ಇವನು ಆ ಕೆಲಸವನ್ನು ಬಿಟ್ಟವನು, ಬಿಟ್ಟುದೇಕೆ ಎಂದು ಸಂಶಯಪಡುವನು. ಒಂದು ಸಣ್ಣ ಶಬ್ದವಿದ್ದಿದ್ದರೆ ಆ ಸಂಶಯವೇ ಹುಟ್ಟುತ್ತಿರಲಿಲ್ಲ.

ಮೂರನೆಯದು: ‘ಕಳೆದ ವಾರ ಮೈಸೂರಿಗೆ ಹೋಗಿದ್ದೆನು’ ಎಂದು ಸಹಜವಾಗಿ ಹೇಳುವೆವು. ಇಂಗ್ಲಿಷಿನಲ್ಲಿ ಅಷ್ಟಕ್ಕೆ ‘ಐ ವೆಂಟ್’ ಸಾಕು. ‘ಹ್ಯಾಡ್ ಗಾನ್’ ಬೇಡ. ಎರಡು ಹಳೆಯ ಸಂಗತಿಗಳಲ್ಲಿ ಯಾವುದು ಮೊದಲೆಂದು ತೋರಿಸಬೇಕಾದಾಗಲೇ ‘ಹ್ಯಾಡ್’ ಶೋಭಿಸುವುದು: ‘ವೆನ್ ವಿ ರೀಚ್‌ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್’, ಅಂದರೆ ನಾವು ನಿಲ್ದಾಣವನ್ನು ಸೇರುವಷ್ಟರಲ್ಲಿ ಗಾಡಿಯು ಹೊರಟುಹೋಗಿತ್ತು. ಇಲ್ಲಿ ‘ಹ್ಯಾಡ್’ ತೆಗೆದರೆ, ನಾವು ಸೇರಿದ ಮೇಲೆ ಗಾಡಿಯು ಹೊರಟಂತಾಗುವುದು.

ಇನ್ನೊಂದು ಸೂಕ್ಷ್ಮವನ್ನೂ ಮರೆಯಬಾರದು. ‘ಹಿ ಹ್ಯಾಸ್ ಗಾನ್ ಟು ಮದ್ರಾಸ್’ ಎಂದರೆ ಅವನು ಹೋದವನು ಇನ್ನೂ ಹಿಂದಿರುಗಿಲ್ಲ. ‘ಹಿ ಹ್ಯಾಸ್ ಬೀನ್ ಟು ಮದ್ರಾಸ್’ ಎಂದರೆ ಆ ಊರನ್ನು ನೋಡಿಬಂದಿದ್ದಾನೆ.

ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ತಾಯಿತಂದೆಗಳು ಸೂತ್ರಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಎರಡು ಪ್ರಶ್ನೆಗಳನ್ನು ಅಭ್ಯಾಸ ಮಾಡಿಸುವುದು ಲೇಸು: ‘ಹೇಳಿದ ಕಾಲವು ಮುಗಿದುಹೋಯಿತೆ? ಆ ಕೆಲಸದ ನಂಟು ಈಗಿನವರೆಗೂ ಉಳಿದಿದೆಯೆ?’ ಮೊದಲನೆಯದಕ್ಕೆ ಹೌದೆಂದರೆ ಸಾಮಾನ್ಯ ಭೂತ. ಎರಡನೆಯದಕ್ಕೆ ಹೌದೆಂದರೆ ‘ಹ್ಯಾವ್’. ನಾಲ್ಕು ದಿನ ಹೀಗೆ ಕೇಳಿ ಬರೆಯಿಸಿದರೆ ಐದನೆಯ ದಿನ ಮಗುವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು.