ಎಪ್ಪತ್ತು ದಾಟಿದ ಮೇಲೆ ಸೈಕಲ್ ತುಳಿಯಬಹುದಾ? ಸಾರಕ್ಕಿಯ ಒಂದು ಮನೆಯ ಜಗಳ, ಮತ್ತು ಅದರ ಉತ್ತರ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಶುರುವಾಗಿದ್ದು ನಮ್ಮ ಮನೆಯ ಒಂದು ಜಗಳದಿಂದ. ನಾವಿರೋದು ಸಾರಕ್ಕಿಯಲ್ಲಿ, ಮಾರ್ಕೆಟ್ಟಿಂದ ಎರಡು ಅಡ್ಡರಸ್ತೆ ಈಚೆ. ಅಪ್ಪನಿಗೆ ಈಗ 73. ಹೋದ ವರ್ಷ ಒಂದು ದಿನ ಮೆಟ್ಟಿಲ ಕೆಳಗಿದ್ದ ಹಳೇ ಸೈಕಲ್ಲನ್ನ ಹೊರಗೆ ತಂದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ಹೊಡೆಸಿಕೊಂಡು ಬಂದ್ರು. ನಾನು ಹೇಳಿದೆ, "ಅಪ್ಪ, ಈ ಟ್ರಾಫಿಕ್‌ನಲ್ಲಿ ಸೈಕಲ್ ಬೇಡ. ವಾಕಿಂಗ್ ಹೋಗಿ, ಕೆರೆ ಇಲ್ಲೇ ಇದೆ." ಅವರು, "ನಡೆದ್ರೆ ಮಂಡಿ ನೋಯುತ್ತೆ ಕಣೋ. ತುಳಿದ್ರೆ ನೋಯಲ್ಲ. ನಾನೇನು ಮಾಡ್ಲಿ?" ಅಂದ್ರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಬೇಡ ಅಂತಲೇ ಹೇಳಿದೆ. ಅವರು ಕೇಳಲಿಲ್ಲ. ಮೂರನೇ ದಿನ ಬಿದ್ರು. ಎಲ್ಲಿ ಗೊತ್ತಾ? ಸಾರಕ್ಕಿ ಸಿಗ್ನಲ್‌ನಲ್ಲಲ್ಲ, ಕನಕಪುರ ರಸ್ತೆಯಲ್ಲೂ ಅಲ್ಲ. ನಮ್ಮ ಮನೆ ಗೇಟಿನ ಮುಂದೆ, ಇಳಿಯೋವಾಗ. ಕಾಲನ್ನ ಸೀಟಿನ ಮೇಲಿಂದ ಎತ್ತಿ ಹಾಕೋಕೆ ಹೋದ್ರು, ಪಂಚೆ ಸಿಕ್ಕಿಕೊಂಡಿತು. ಮೊಣಕೈ ತರಚಿತು, ಅಷ್ಟೇ. ಆದರೆ ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಅದಾದ ಮೇಲೆ ನಾನು ಕೂತು ಓದಿದೆ, ವಿಚಾರಿಸಿದೆ. ನಮ್ಮಿಬ್ಬರಲ್ಲಿ ಯಾರು ಸರಿ ಅಂತ ತಿಳಿಯಬೇಕಿತ್ತು. ಇಬ್ಬರೂ ಅರ್ಧರ್ಧ ಸರಿ ಅಂತ ಗೊತ್ತಾಯಿತು.

ವಯಸ್ಸಾದ ದೇಹಕ್ಕೆ ಏನಾಗುತ್ತೆ?

ಮೊದಲು ದೇಹದ ವಿಷಯ. ಮೂವತ್ತು ದಾಟಿದ ಮೇಲೆ ನಮ್ಮ ಸ್ನಾಯುಗಳು ನಿಧಾನಕ್ಕೆ ಕರಗೋಕೆ ಶುರುವಾಗುತ್ತವೆ. ಅರವತ್ತರ ನಂತರ ಆ ವೇಗ ಹೆಚ್ಚು. ಕುರ್ಚಿಯಿಂದ ಏಳುವಾಗ ಕೈ ಊರಬೇಕಾಗೋದು, ಬಸ್ಸಿನ ಮೆಟ್ಟಿಲು ಹತ್ತೋಕೆ ಕಂಬಿ ಬೇಕಾಗೋದು, ಇವೆಲ್ಲ ಅದರ ಗುರುತುಗಳು. ಎರಡನೆಯದು ಹೃದಯ ಮತ್ತು ಶ್ವಾಸಕೋಶದ ಶಕ್ತಿ. ದೇಹ ಜೋರಾಗಿ ಕೆಲಸ ಮಾಡುವಾಗ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನೋದಕ್ಕೆ ಒಂದು ಅಳತೆ ಇದೆ, ವಿಓ2 ಮ್ಯಾಕ್ಸ್ ಅಂತಾರೆ. ಸುಮ್ಮನೆ ಕೂತವರಲ್ಲಿ ಇದು ಹತ್ತು ವರ್ಷಕ್ಕೆ ಸುಮಾರು ಶೇ. 10ರಷ್ಟು ಇಳಿಯುತ್ತೆ. ವ್ಯಾಯಾಮ ಬಿಡದವರಲ್ಲೂ ಇಳಿಯುತ್ತೆ, ಆದರೆ ನಿಧಾನವಾಗಿ.

ಹಾಗಾದರೆ ಇಳಿಯೋದರಲ್ಲಿ ವಯಸ್ಸಿನ ಪಾಲೆಷ್ಟು, ಕೂತಿದ್ದರ ಪಾಲೆಷ್ಟು? ಇದೇ ಪ್ರಶ್ನೆ ಇಟ್ಟುಕೊಂಡು ಇಂಗ್ಲೆಂಡಿನ ಕಿಂಗ್ಸ್ ಕಾಲೇಜ್ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 125 ಜನ ಸೈಕಲ್ ಸವಾರರನ್ನ ಪರೀಕ್ಷೆ ಮಾಡಿದರು. 84 ಗಂಡಸರು, 41 ಹೆಂಗಸರು, ಎಲ್ಲರೂ 55ರಿಂದ 79ರ ಒಳಗಿನವರು, ಬಹಳ ವರ್ಷದಿಂದ ತುಳಿಯುತ್ತಿದ್ದವರು. ಆರಿಸೋಕೆ ಒಂದು ಷರತ್ತಿತ್ತು: ಗಂಡಸರು ಆರೂವರೆ ಗಂಟೆಯೊಳಗೆ 100 ಕಿಲೋಮೀಟರ್, ಹೆಂಗಸರು ಐದೂವರೆ ಗಂಟೆಯೊಳಗೆ 60 ಕಿಲೋಮೀಟರ್ ತುಳಿಯಬೇಕು. 2018ರಲ್ಲಿ ಬಂದ ಫಲಿತಾಂಶ ನೋಡಿ: ಇವರ ಸ್ನಾಯುಗಳು ವಯಸ್ಸಿನ ಜೊತೆ ಕರಗಿರಲಿಲ್ಲ. ಎದೆಗೂಡಿನಲ್ಲಿ ಥೈಮಸ್ ಅಂತ ಒಂದು ಗ್ರಂಥಿ ಇದೆ, ರೋಗನಿರೋಧಕ ಕಣಗಳನ್ನ ತಯಾರು ಮಾಡೋದು. ವಯಸ್ಸಾದಂತೆ ಅದು ಕುಗ್ಗುತ್ತೆ. ಈ ಸವಾರರಲ್ಲಿ ಅದು ಯುವಕರಷ್ಟೇ ಕಣಗಳನ್ನ ಉತ್ಪಾದಿಸುತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ. ಅವರು ತುಳಿದಿದ್ದರಿಂದ ಗಟ್ಟಿಯಾದರಾ, ಗಟ್ಟಿ ಇದ್ದಿದ್ದರಿಂದ ತುಳಿಯುತ್ತಾ ಉಳಿದರಾ? ಇಂಥ ಒಂದು ಅಧ್ಯಯನದಿಂದ ಅದನ್ನ ಪೂರ್ತಿ ಬಿಡಿಸೋಕಾಗಲ್ಲ.

ತಡವಾಗಿ ಶುರು ಮಾಡಿದರೆ?

ಫ್ರಾನ್ಸಿನ ರಾಬರ್ಟ್ ಮಾರ್ಶಾಂ ಹೆಸರು ನೀವು ಕೇಳಿರಬಹುದು. 1911ರಲ್ಲಿ ಹುಟ್ಟಿದವರು, ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದವರು, ಲಾರಿ ಓಡಿಸಿದವರು. ಅರವತ್ತರ ಕೊನೆಯಲ್ಲಿ ಮತ್ತೆ ಸೈಕಲ್ ಕಡೆ ತಿರುಗಿದರು. ನೂರನೇ ವಯಸ್ಸಿನಲ್ಲಿ, 2012ರಲ್ಲಿ, ಒಂದು ಗಂಟೆಗೆ 24 ಕಿಲೋಮೀಟರ್ ಚಿಲ್ಲರೆ ತುಳಿದು ದಾಖಲೆ ಮಾಡಿದರು. ಎರಡು ವರ್ಷ ಬಿಟ್ಟು, 102ರಲ್ಲಿ, ಸುಮಾರು 27 ಕಿಲೋಮೀಟರ್! ವಯಸ್ಸು ಏರಿದೆ, ದೂರವೂ ಏರಿದೆ. ಆ ನಡುವೆ ಅವರ ಮೇಲೆ ಅಧ್ಯಯನ ಮಾಡಿದ ವಿಜ್ಞಾನಿಗಳು ಅವರ ವಿಓ2 ಮ್ಯಾಕ್ಸ್ ಶೇ. 13ರಷ್ಟು ಹೆಚ್ಚಾಗಿದ್ದನ್ನ ದಾಖಲಿಸಿದರು. 2017ರಲ್ಲಿ, 105ರಲ್ಲಿ, 22.5 ಕಿಲೋಮೀಟರ್. 2021ರಲ್ಲಿ, 109ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮ ದೇಶದ್ದೇ ಉದಾಹರಣೆ ಬೇಕಂದ್ರೆ ಕಿರಣ್ ಸೇಠ್ ಇದ್ದಾರೆ, ಸ್ಪಿಕ್ ಮೆಕೆ ಕಟ್ಟಿದವರು, ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕರು. 2022ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಕಾಶ್ಮೀರದಿಂದ ಕನ್ಯಾಕುಮಾರಿ ಕಡೆಗೆ ಸೈಕಲ್ ಹತ್ತಿ ಹೊರಟರು.

ಇವರೆಲ್ಲ ಅಪರೂಪದವರು, ನಮ್ಮ ಅಪ್ಪ ಅವರಲ್ಲ. ಅಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಬೆಂಗಳೂರಿನಲ್ಲಿ ಕಾರ್ಪೊರೇಷನ್ನಿಗೆ ಸೈಕಲ್ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳುತ್ತಿದ್ದ ಕಾಲ, ರಾತ್ರಿ ದೀಪ ಇಲ್ಲದಿದ್ದರೆ ಪೊಲೀಸರು ಗಾಳಿ ಬಿಡುತ್ತಿದ್ದ ಕಾಲ. ಆಗ ಶಿಫ್ಟಿಗೆ ಸೈಕಲ್ಲಲ್ಲೇ ಹೋಗಿ ಬಂದವರು ಈ ಊರಲ್ಲಿ ಸಾವಿರಾರು ಜನ. ಆಮೇಲೆ ಸ್ಕೂಟರ್ ಬಂತು, ಇಪ್ಪತ್ತೈದು ವರ್ಷ ಸೈಕಲ್ ಮೂಲೆಗೆ ಹೋಯಿತು. ಇಂಥವರು ಮತ್ತೆ ಶುರು ಮಾಡೋವಾಗ ಬ್ಯಾಲೆನ್ಸ್ ಮರೆತಿರಲ್ಲ. ಆದರೆ ಕಾಲಿನ ಬಲ, ಕತ್ತು ತಿರುಗೋದು, ಕಣ್ಣು ಮತ್ತು ಕಿವಿ ಆಗಿನಂತಿರಲ್ಲ. ಅಪಾಯ ಇರೋದು ಇಲ್ಲೇ. ಮನಸ್ಸಿಗೆ ಇಪ್ಪತ್ತೈದು, ಮೈಗೆ ಎಪ್ಪತ್ತಮೂರು.

ಮಂಡಿ ನೋವಿದ್ದವರಿಗೆ ಸೈಕಲ್ ಯಾಕೆ ಹಗುರ?

ನಡೆಯುವಾಗ ಪ್ರತಿ ಹೆಜ್ಜೆಗೂ ಮೈಭಾರ ಮಂಡಿಯ ಮೇಲೆ ಬೀಳುತ್ತೆ. ಸೈಕಲ್ಲಿನಲ್ಲಿ ಬಹುಪಾಲು ಭಾರವನ್ನ ಸೀಟು ಹೊರುತ್ತೆ. ಹಾಗಾಗಿ ಸವೆದ ಮಂಡಿಗೆ ಇದು ಒಳ್ಳೆ ವ್ಯಾಯಾಮ. ಒಂದೇ ಷರತ್ತು, ಸೀಟಿನ ಎತ್ತರ ಸರಿ ಇರಬೇಕು. ಬೀಳೋ ಭಯದಿಂದ ಬಹಳ ಜನ ಸೀಟು ತೀರಾ ಕೆಳಗಿಳಿಸಿಕೊಳ್ಳುತ್ತಾರೆ. ಆಗ ಮಂಡಿ ಪೂರ್ತಿ ಬಿಚ್ಚೋದಿಲ್ಲ, ಮಂಡಿ ಚಿಪ್ಪಿನ ಹಿಂದೆ ಒತ್ತಡ ಜಾಸ್ತಿಯಾಗಿ ನೋವು ಬರುತ್ತೆ. ಅಳತೆ ಸುಲಭ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನ ಪೆಡಲ್ ಮೇಲಿಟ್ಟು, ಪೆಡಲ್ ಕೆಳಗೆ ಬಂದಾಗ ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ಸ್ವಲ್ಪ ಬಾಗಿರುತ್ತೆ. ಅದೇ ಸರಿ. ಗೇರ್ ಇದ್ದರೆ ಹಗುರ ಗೇರ್‌ನಲ್ಲಿ ಬೇಗ ಬೇಗ ತುಳಿಯಿರಿ. ಏರು ಬಂದರೆ ಇಳಿದು ತಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಮಧ್ಯದ ಅಡ್ಡ ಕಂಬಿ ಇಲ್ಲದ ಸೈಕಲ್, ನಾವು ಲೇಡೀಸ್ ಸೈಕಲ್ ಅಂತೀವಲ್ಲ, ಎಪ್ಪತ್ತಕ್ಕೆ ಅದೇ ಸರಿ. ಅಪ್ಪ ಮೊದಲು ಒಪ್ಪಲಿಲ್ಲ. "ಅದನ್ನ ನಾನು ಓಡಿಸ್ಲಾ?" ಅಂದ್ರು. ಆದರೆ ಗೇಟಿನ ಮುಂದೆ ಬಿದ್ದಿದ್ದು ನೆನಪಿತ್ತಲ್ಲ. ಸೈಕಲ್ ಸವಾರರು ಬಹಳ ಇರುವ ನೆದರ್‌ಲೆಂಡ್ಸ್‌ನಲ್ಲೂ ಇದೇ ಕಂಡಿದ್ದಾರೆ. ವಯಸ್ಸಾದವರು ಬೀಳೋದು ಎಷ್ಟೋ ಸಲ ಇನ್ನೊಂದು ಗಾಡಿ ಗುದ್ದಿ ಅಲ್ಲ. ಹತ್ತುವಾಗ, ಇಳಿಯುವಾಗ, ತೀರಾ ನಿಧಾನವಾಗಿ ಹೋಗುವಾಗ ತಾವಾಗಿಯೇ ಬೀಳುತ್ತಾರೆ. ಅದಕ್ಕೇ ಅಲ್ಲಿ ಹಿರಿಯರಿಗೆ ಇದನ್ನೆಲ್ಲ ಮತ್ತೆ ಕಲಿಸುತ್ತಾರೆ.

ಸೈಕಲ್ ಕೊಡದೇ ಇರೋದು ಏನು?

ಅಪ್ಪನಿಗೆ ಇಷ್ಟವಾಗದ ಭಾಗ ಇದು. ಭಾರ ಸೀಟು ಹೊರುತ್ತೆ ಅಂದೆನಲ್ಲ, ಅದೇ ಕಾರಣಕ್ಕೆ ಸೈಕಲ್ಲಿನಿಂದ ಮೂಳೆ ಗಟ್ಟಿಯಾಗಲ್ಲ. ಮೂಳೆಗೆ ಭಾರ ಬಿದ್ದರೇನೇ ಅದು ಬಲ ಉಳಿಸಿಕೊಳ್ಳೋದು. ತೋಳು, ಬೆನ್ನಿಗೂ ಹೆಚ್ಚು ಕೆಲಸ ಸಿಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸೂಚನೆಯಲ್ಲಿ 65 ದಾಟಿದವರಿಗೆ ಮೂರು ಮಾತಿದೆ: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಕನಿಷ್ಠ ಎರಡು ದಿನ ಸ್ನಾಯು ಬಲದ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ವ್ಯಾಯಾಮ. ಸೈಕಲ್ ಮೊದಲನೆಯದನ್ನ ಪೂರೈಸುತ್ತೆ. ಉಳಿದ ಎರಡನ್ನ ಮನೆಯಲ್ಲೇ ಮಾಡಬಹುದು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲೋದು, ತುದಿಗಾಲಲ್ಲಿ ಏಳೋದು, ಗೋಡೆಗೆ ಕೈಕೊಟ್ಟು ದಂಡೆ ಹೊಡೆಯೋದು.

ಊಟವೂ ಮುಖ್ಯ. ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ತಜ್ಞರ ಸಲಹೆ. 60 ಕಿಲೋ ಇದ್ದವರಿಗೆ 60ರಿಂದ 72 ಗ್ರಾಂ. ಬರೀ ಅನ್ನ ತಿಳಿಸಾರಲ್ಲಿ ಅಷ್ಟು ಸಿಗಲ್ಲ. ಮುದ್ದೆ ಜೊತೆ ಹುರುಳಿ ಸಾರು, ಕಾಳು ಪಲ್ಯ, ಮೊಸರು, ತಿನ್ನೋರಿಗೆ ಮೊಟ್ಟೆ ಮೀನು ಇರಲಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನ ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಶುರು ಮಾಡೋ ಮುಂಚೆ

ಒಂದು ಸಲ ಡಾಕ್ಟರ್ ಹತ್ತಿರ ಹೋಗಿ, ತಗೊಳ್ಳೋ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕ್ಕೊಂಡು ಹೋಗಿ. ಬಿಪಿ ಮಾತ್ರೆಯಿಂದ ಕೆಲವರಿಗೆ ತಟ್ಟನೆ ನಿಂತಾಗ ತಲೆ ಸುತ್ತುತ್ತೆ. ಇನ್ಸುಲಿನ್ ಅಥವಾ ಕೆಲವು ಸಕ್ಕರೆ ಮಾತ್ರೆ ತಗೊಳ್ಳೋರಿಗೆ ತುಳಿಯುವಾಗ ಸಕ್ಕರೆ ಕುಸಿಯಬಹುದು, ಅವರ ಜೇಬಲ್ಲಿ ಗ್ಲೂಕೋಸ್ ಇರಲೇಬೇಕು. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲ ಅನ್ನಿಸಿದರೂ ಆಸ್ಪತ್ರೆಗೆ ಹೋಗಬೇಕು. ಹೆಲ್ಮೆಟ್ ವಿಷಯದಲ್ಲಿ ಚೌಕಾಸಿ ಬೇಡ.

ಎಷ್ಟು ಜೋರಾಗಿ ತುಳಿಯಬೇಕು? ಕೈಗೆ ಕಟ್ಟೋ ಗಡಿಯಾರವನ್ನೇ ನಂಬಬೇಡಿ. ಕೆಲವು ಹೃದಯದ ಮಾತ್ರೆಗಳು ನಾಡಿಬಡಿತವನ್ನ ಕೆಳಗೇ ಹಿಡಿದಿಡುತ್ತವೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ಅದೇ ಮಧ್ಯಮ ಶ್ರಮ. ಎದೆ ಹಿಡಿದಂತಾದರೆ, ದವಡೆ ಅಥವಾ ಎಡತೋಳು ನೋಯ್ತಾ ಇದ್ದರೆ, ಎಂದೂ ಇಲ್ಲದ ಉಬ್ಬಸ ಬಂದರೆ ಅಲ್ಲೇ ನಿಲ್ಲಿಸಿ, ಸಹಾಯ ಕೇಳಿ.

ಮೊದಲ ಎರಡು ವಾರ ದಿನಕ್ಕೆ ಹತ್ತು ನಿಮಿಷ ಸಾಕು. ಆಮೇಲೆ ವಾರಕ್ಕೆ ಐದೈದು ನಿಮಿಷ ಸೇರಿಸಿ. ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನವಾದರೆ 150 ನಿಮಿಷ ಆಯಿತು.

ಸಾರಕ್ಕಿಯಲ್ಲಿ ಎಲ್ಲಿ, ಯಾವಾಗ?

ನಮ್ಮ ಜಗಳದ ನಿಜವಾದ ವಿಷಯ ಇದೇ. ದೇಹ ತಯಾರಿದ್ದರೂ ರಸ್ತೆ ತಯಾರಿಲ್ಲ. ಸಾರಕ್ಕಿ ಸಿಗ್ನಲ್‌ನಲ್ಲಿ ಕನಕಪುರ ರಸ್ತೆ ಮತ್ತು ಔಟರ್ ರಿಂಗ್ ರೋಡ್ ಕೂಡುತ್ತವೆ. 2017ರಲ್ಲಿ ಯಲಚೇನಹಳ್ಳಿವರೆಗೆ ಮೆಟ್ರೋ ಬಂದರೂ ಕೆಳಗಿನ ದಟ್ಟಣೆ ಹಾಗೇ ಇದೆ. ಮಾರ್ಕೆಟ್ ಕಡೆ ಬೆಳಗಿನ ಜಾವದಿಂದಲೇ ತರಕಾರಿ ಗಾಡಿಗಳು. ಪಕ್ಕದ ಜಯನಗರದಲ್ಲಿ ಸೈಕಲ್ಲಿಗೆ ಅಂತ ಮಾಡಿದ ಪಥದಲ್ಲಿ ಕಾರು ನಿಂತಿದ್ದನ್ನ ನಾವೆಲ್ಲ ನೋಡಿದ್ದೀವಿ. ನಗರ ಭೂ ಸಾರಿಗೆ ನಿರ್ದೇಶನಾಲಯ 2013ರಿಂದ ನಡೆಸಿದ ಸೈಕಲ್ ದಿನಗಳು ಚೆನ್ನಾಗಿದ್ದವು. ಆದರೆ ಹಿರಿಯರಿಗೆ ಬೇಕಾಗಿರೋದು ವರ್ಷದ ಎಲ್ಲ ದಿನವೂ ಇರೋ ದಾರಿ.

ಅಲ್ಲಿಯವರೆಗೆ ನಾವು ಮಾಡಿಕೊಂಡ ನಿಯಮ ಹೇಳ್ತೀನಿ. ದೊಡ್ಡ ರಸ್ತೆಗೆ ಸೈಕಲ್ ಹತ್ತಿ ಹೋಗೋ ಹಾಗಿಲ್ಲ. ದಾಟಲೇಬೇಕಾದರೆ ಇಳಿದು, ಸಿಗ್ನಲ್ಲಿನಲ್ಲಿ ತಳ್ಳಿಕೊಂಡು ದಾಟೋದು. ಬೆಳಕು ಹರಿದ ಮೇಲೆ ಹೊರಡೋದು, ಏಳೂವರೆಯೊಳಗೆ ಮನೆ ಸೇರೋದು, ಯಾಕಂದ್ರೆ ಆಮೇಲೆ ಸ್ಕೂಲ್ ವ್ಯಾನುಗಳು ಶುರು. ಒಳ ಅಡ್ಡರಸ್ತೆಗಳಲ್ಲೇ ಸುತ್ತು. ಮಳೆ ಬಂದ ದಿನ ಇಲ್ಲ, ನೀರು ನಿಂತ ಗುಂಡಿಯ ಆಳ ಕಾಣಲ್ಲ. ಕತ್ತು ಪೂರ್ತಿ ತಿರುಗಲ್ಲ, ಹಾಗಾಗಿ ಬಲಗಡೆ ಹ್ಯಾಂಡಲ್ಲಿಗೆ ಒಂದು ಕನ್ನಡಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರ. ಪಂಚೆ ಬೇಡ, ಪ್ಯಾಂಟ್, ಕಾಲಿಗೆ ಕ್ಲಿಪ್. ಮತ್ತು ವಾರಕ್ಕೆ ಎರಡು ದಿನ ಮೂಳೆಗೋಸ್ಕರ ಕೆರೆ ಕಡೆ ನಡಿಗೆ, ಮಂಡಿ ಒಪ್ಪುವಷ್ಟು. ಸಾರಕ್ಕಿ ಕೆರೆಯ ಒತ್ತುವರಿಯನ್ನ 2015ರಲ್ಲಿ ಜಿಲ್ಲಾಡಳಿತ ತೆರವು ಮಾಡಿದ್ದು ನಿಮಗೆ ನೆನಪಿರಬಹುದು. ಉಳಿದ ಆ ಜಾಗ ಈಗ ನಮ್ಮ ಕಡೆಯ ಹಿರಿಯರಿಗೆ ಆಸರೆ.

ಯಾವಾಗ ನಿಲ್ಲಿಸಬೇಕು?

ಇದನ್ನ ಮೊದಲೇ ಕೂತು ಮಾತಾಡಿಕೊಳ್ಳಿ, ಬಿದ್ದ ದಿನ ಅಲ್ಲ. ಹಿಂದಿನಿಂದ ಬರೋ ಗಾಡಿ ಸದ್ದು ಕೇಳದಿದ್ದರೆ, ಕಣ್ಣಿನ ಪೊರೆಯಿಂದ ಎದುರಿನ ಬೆಳಕು ಒಡೆದು ಕಂಡರೆ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಸನ್ನೆ ಮಾಡೋಕೆ ಆಗದಿದ್ದರೆ, ಗೊತ್ತಿರೋ ದಾರಿಯೇ ತಪ್ಪಿದರೆ ರಸ್ತೆ ಬಿಡಬೇಕು. ರಸ್ತೆ ಬಿಟ್ಟರೆ ತುಳಿಯೋದನ್ನೇ ಬಿಟ್ಟಂತಲ್ಲ. ಮನೆಯೊಳಗೆ ನಿಂತಲ್ಲೇ ತುಳಿಯೋ ಸೈಕಲ್‌ನಿಂದಲೂ ಕಾಲು, ಹೃದಯಕ್ಕೆ ಅದೇ ಕೆಲಸ ಸಿಗುತ್ತೆ. ಪೊರೆಯ ಆಪರೇಷನ್, ಕಿವಿಯ ಯಂತ್ರ ಆದ ಮೇಲೆ ರಸ್ತೆಗೆ ಮರಳಿದವರೂ ಇದ್ದಾರೆ.

ಅಪ್ಪ ಈಗ ಅಡ್ಡ ಕಂಬಿ ಇಲ್ಲದ ಸೈಕಲ್ಲಲ್ಲಿ ದಿನಾ ಅರ್ಧ ಗಂಟೆ ತುಳೀತಾರೆ. ವಾಪಸ್ ಬರೋವಾಗ ಹ್ಯಾಂಡಲ್ಲಿಗೆ ಹಾಲಿನ ಚೀಲ. ಮೊನ್ನೆ ಕೇಳಿದೆ, "ವ್ಯಾಯಾಮ ತಾನೇ ಬೇಕು, ಮನೇಲೇ ತುಳಿಯೋ ಸೈಕಲ್ ತಂದುಕೊಡ್ಲಾ ಅಪ್ಪ?" ಅವರು ಶೂ ಲೇಸ್ ಕಟ್ಟಿಕೊಳ್ಳುತ್ತಾ, "ಅದ್ರಲ್ಲಿ ಹಾಲು ತರೋಕಾಗುತ್ತೇನೋ?" ಅಂದ್ರು. ನಾನು ಸುಮ್ಮನಾದೆ. ಅವರು ಬರೋವರೆಗೂ ಈಗಲೂ ಗೇಟಿನ ಕಡೆ ಒಂದು ಕಣ್ಣು ಇಟ್ಟಿರ್ತೀನಿ.

ನಿಮ್ಮ ಮನೆಯಲ್ಲೂ ಇದೇ ಜಗಳ ನಡೀತಿದ್ದರೆ ಈ ಸಂಚಿಕೆಯನ್ನ ಇಬ್ಬರೂ ಕೂತು ಕೇಳಿ. ಆಮೇಲೆ ಸೀಟಿನ ಎತ್ತರ ನೋಡಿ, ಬ್ರೇಕು ಹಿಡಿದು ನೋಡಿ, ಡಾಕ್ಟರ್ ಹತ್ತಿರ ಒಂದು ಸಲ ಹೋಗಿ ಬನ್ನಿ.